ಹೀಟಿಂಗ್ ಸರ್ವಿಸ್: ಚಳಿಗೆ ಎಂಟು ವಾರ ಮುಂಚೆ, ಅದೂ ಮೀಟರ್ ಹಿಡಿದು

ಪ್ರಶ್ನೆ: ನಮ್ಮ ಮನೆಗೆ ಡಕ್ಟ್ ಮೂಲಕ ಬಿಸಿಗಾಳಿ ಕೊಡುವ ಗ್ಯಾಸ್ ಫರ್ನೇಸ್ ಇದೆ, ಹಾಕಿಸಿ 11 ವರ್ಷವಾಯಿತು. ಹೋದ ಚಳಿಗಾಲದಲ್ಲಿ ಎರಡು ಮೂರು ಸಲ ತಾನಾಗಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಶುರುವಾಯಿತು. ಸರಿಹೋಯಿತಲ್ಲ ಎಂದು ಬಿಟ್ಟೆವು. ಚಳಿ ಬೀಳಲು ಇನ್ನೂ ಎರಡೂವರೆ ತಿಂಗಳಿದೆ. ಸರ್ವಿಸ್ ಯಾವಾಗ ಮಾಡಿಸಬೇಕು? ಪ್ರತಿ ವರ್ಷವೂ ಬೇಕೇ? ಬಂದವರು ಕೆಲಸ ಸರಿಯಾಗಿ ಮಾಡಿದರೋ ಇಲ್ಲವೋ ನಮಗೆ ಗೊತ್ತಾಗುವುದು ಹೇಗೆ? ತಂಗಿಯ ಮನೆಯಲ್ಲಿ ಬಿಸಿನೀರಿನಿಂದ ಮನೆ ಬೆಚ್ಚಗಿಡುವ ಬಾಯ್ಲರ್ ಮತ್ತು ರೇಡಿಯೇಟರ್ ಇವೆ; ಅವರಿಗೂ ಇದೇ ಲೆಕ್ಕವೇ?

ಉತ್ತರ: ದಿನಾಂಕದ ವಿಷಯ ಆಮೇಲೆ. ನಿಮ್ಮ ಪ್ರಶ್ನೆಯಲ್ಲಿ ನೀವು ಹಗುರವಾಗಿ ದಾಟಿಹೋದ ಮಾತೊಂದಿದೆ: ‘ತಾನಾಗಿ ನಿಂತು, ತಾನಾಗಿಯೇ ಶುರುವಾಯಿತು’. ಸರ್ವಿಸ್‌ಗೆ ಬರುವವರಿಗೆ ಮೊಟ್ಟಮೊದಲು ಹೇಳಬೇಕಾದದ್ದು ಅದನ್ನೇ.

ಈಗಿನ ಫರ್ನೇಸುಗಳ ಕಂಟ್ರೋಲ್ ಬೋರ್ಡ್ ಒಂದು ಸಲ ಉರಿ ಹತ್ತಲಿಲ್ಲವೆಂದು ಸುಮ್ಮನಾಗುವುದಿಲ್ಲ. ಮೂರೋ ನಾಲ್ಕೋ ಸಲ ಪ್ರಯತ್ನಿಸುತ್ತದೆ. ಆಗಲೂ ಆಗದಿದ್ದರೆ ಗ್ಯಾಸ್ ಮುಚ್ಚಿ ಲಾಕ್ ಆಗುತ್ತದೆ. ಹಲವು ಮಾಡೆಲ್‌ಗಳಲ್ಲಿ ಒಂದು ಗಂಟೆ ಕಳೆದರೆ ಆ ಲಾಕ್ ತಾನೇ ಬಿಟ್ಟುಕೊಂಡು ಮತ್ತೆ ಮೊದಲಿನಿಂದ ಶುರು. ಚಳಿ ಹದವಾಗಿರುವಾಗ ಆ ಒಂದು ಗಂಟೆಯಲ್ಲಿ ಮನೆ ಒಂದು ಡಿಗ್ರಿ ತಣ್ಣಗಾದೀತು, ಯಾರಿಗೂ ತಿಳಿಯುವುದಿಲ್ಲ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿರುವ ರಾತ್ರಿ ಅದೇ ದೋಷ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ದೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತಿಂಗಳುಗಟ್ಟಲೆ ಓಡುವ ಯಂತ್ರ ಇದು. ಹಾಗಾಗಿ ‘ಓಡುತ್ತಿದೆಯಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಬೆಚ್ಚಗಿನ ದಿನ ಬಂದು ನೋಡುವ ತಂತ್ರಜ್ಞರ ಕಣ್ಣಿಗೂ ಈ ದೋಷ ಬೀಳುವುದಿಲ್ಲ, ಮೀಟರ್ ಇಟ್ಟು ಅಳೆಯದ ಹೊರತು.

ಯಾವಾಗ ಕರೆಸಬೇಕು

ಹೀಟಿಂಗ್ ನಿಜವಾಗಿ ಬೇಕಾಗುವ ವಾರದಿಂದ ಹಿಂದಕ್ಕೆ ಎಣಿಸಿ. 11 ವರ್ಷದ ಫರ್ನೇಸಿನಲ್ಲಿ ಹೊಗೆ ಹೊರದೂಡುವ ಇಂಡ್ಯೂಸರ್ ಮೋಟರೋ ಕಂಟ್ರೋಲ್ ಬೋರ್ಡೋ ಬದಲಿಸಬೇಕೆಂದು ಗೊತ್ತಾದರೆ, ಆ ಮಾಡೆಲಿನ ಬಿಡಿಭಾಗ ಬರಲು ಎರಡು ಮೂರು ವಾರ ಹಿಡಿಯಬಹುದು. ಅದನ್ನು ಹಾಕಲು ಎರಡನೇ ಭೇಟಿ, ಹಾಕಿದ ಮೇಲೆ ಒಂದು ವಾರ ಓಡಿಸಿ ನೋಡುವ ಸಮಯ, ಅಕಸ್ಮಾತ್ ಹೊಸ ಫರ್ನೇಸೇ ಬೇಕೆಂದಾದರೆ ಎರಡು ಮೂರು ಕಡೆ ವಿಚಾರಿಸಲು ಬಿಡುವು, ಇಷ್ಟೂ ಸೇರಿದರೆ ಆರರಿಂದ ಎಂಟು ವಾರ ಆಗುತ್ತದೆ. ನಿಮಗೆ ಹತ್ತು ವಾರ ಉಳಿದಿದೆ. ಈ ವಾರ ನೀವೇ ಒಮ್ಮೆ ಓಡಿಸಿ ನೋಡಿ. ಇನ್ನೆರಡು ವಾರದಲ್ಲಿ ತಂತ್ರಜ್ಞರು ಬರುವ ಹಾಗೆ ದಿನ ಗೊತ್ತುಮಾಡಿಕೊಳ್ಳಿ.

ಮೊದಲ ಚಳಿ ಬಿದ್ದ ವಾರ ಫೋನ್ ಮಾಡಿದರೆ ದಿನ ಸಿಗುವುದು ತಡವಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ನಷ್ಟ ಬೇರೆ. ಆ ವಾರ ಹೀಟಿಂಗೇ ನಿಂತುಹೋದ ಮನೆಗಳಿಗೆ ಮೊದಲ ಸರದಿ. ಓಡುತ್ತಿರುವ ಫರ್ನೇಸಿಗೆ ಸಿಗುವುದು ಎರಡು ಮನೆಗಳ ನಡುವಿನ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ಫಿಲ್ಟರ್ ಬದಲಿಸಿ, ಧೂಳು ಹೊಡೆದು, ಸ್ಟಿಕರ್ ಅಂಟಿಸಿ ಹೋಗಬಹುದು. ಮೂಗಿಗೆ ತುಪ್ಪ ಸವರಿದ ಹಾಗೆ. ಸರಿಯಾದ ಸರ್ವಿಸ್‌ಗೆ ಒಂದರಿಂದ ಒಂದೂವರೆ ಗಂಟೆ ಬೇಕು.

ಚಳಿಗಾಲ ಮುಗಿದ ಕೂಡಲೇ ಮಾಡಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ. ಎಣ್ಣೆಯಿಂದ ಉರಿಯುವ ಫರ್ನೇಸಿಗೆ ಅದೇ ಒಳ್ಳೆಯದು ಕೂಡ: ಒಳಗೆ ಕೂತ ಮಸಿ ಗಾಳಿಯ ತೇವ ಹೀರಿ ಆಮ್ಲವಾಗಿ, ಬೇಸಿಗೆಯುದ್ದಕ್ಕೂ ಲೋಹ ತಿನ್ನುತ್ತದೆ. ಆದರೆ ಯಂತ್ರ ಸುಮ್ಮನಿರುವ ತಿಂಗಳುಗಳಲ್ಲೇ ಜೇಡ ಬರ್ನರಿನ ತೂತಿಗೆ ಬಲೆ ಕಟ್ಟುವುದು, ಕಣಜ ಹೊರಗಿನ ಕೊಳವೆಯಲ್ಲಿ ಗೂಡು ಮಾಡುವುದು. ಆಗ ಮಾಡಿಸಿದವರು ಚಳಿಗೆ ಮುಂಚೆ ಕೊಳವೆ ನೋಡಿ ಒಮ್ಮೆ ಓಡಿಸುವುದನ್ನು ಬಿಡುವಂತಿಲ್ಲ.

ಪ್ರತಿ ವರ್ಷವೂ ಬೇಕೇ

ಎಣ್ಣೆಯದ್ದಾದರೆ ಚರ್ಚೆಯೇ ಇಲ್ಲ. ಎಣ್ಣೆ ಸಿಂಪಡಿಸುವ ನಾಝಲ್ ಮತ್ತು ಎಣ್ಣೆಯ ಫಿಲ್ಟರ್ ವರ್ಷಕ್ಕೊಮ್ಮೆ ಬದಲಾಗಲೇಬೇಕು. ಗ್ಯಾಸ್ ಫರ್ನೇಸಿನಲ್ಲಿ ಎಲ್ಲವನ್ನೂ ಪ್ರತಿ ವರ್ಷ ಬಿಚ್ಚುವ ಅಗತ್ಯವಿಲ್ಲ. ಫಿಲ್ಟರನ್ನು ಸರಿಯಾಗಿ ಬದಲಿಸುತ್ತ ಬಂದಿದ್ದರೆ ಮನೆಯೊಳಗೆ ಗಾಳಿ ತಳ್ಳುವ ದೊಡ್ಡ ಫ್ಯಾನ್, ಅಂದರೆ ಬ್ಲೋವರಿನ ಚಕ್ರ ಬಿಚ್ಚಿ ತೊಳೆಯುವುದು ಮೂರ್ನಾಲ್ಕು ವರ್ಷಕ್ಕೊಮ್ಮೆ ಸಾಕು. ಹೊಳೆಯುತ್ತಿರುವ ಬರ್ನರನ್ನು ಉಜ್ಜಿ ಏನೂ ಸಿಗುವುದಿಲ್ಲ. ಆದರೆ ಉರಿಯ ಪರೀಕ್ಷೆ, ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲದ ಅಳತೆ, ಹೊಗೆ ಹೊರಹೋಗುವ ದಾರಿ, ಗ್ಯಾಸ್ ಸೋರಿಕೆ, ಈ ನಾಲ್ಕನ್ನು ವರ್ಷ ಬಿಟ್ಟು ವರ್ಷ ಎಂದು ಮುಂದೂಡಬೇಡಿ. ಇವುಗಳಲ್ಲಿ ಕೆಟ್ಟದ್ದು ಮೂಗಿಗೂ ಕಿವಿಗೂ ಗೊತ್ತಾಗದೆ ಇರಬಲ್ಲದು. ವಾರಂಟಿ ಇನ್ನೂ ಬಾಕಿಯಿದ್ದರೆ ಅದರ ಷರತ್ತು ಓದಿ. ವಾರ್ಷಿಕ ಸರ್ವಿಸಿನ ದಾಖಲೆ ಕೇಳುವ ಕಂಪನಿಗಳು ಬಹಳ.

ಅವರು ಬರುವ ಮುಂಚೆ ನೀವೇ ಓಡಿಸಿ

ಮೊದಲು ಫಿಲ್ಟರ್. 25 ಮಿಲಿಮೀಟರ್ ದಪ್ಪದ್ದಾದರೆ ತಿಂಗಳಿಗೊಮ್ಮೆ ತೆಗೆದು ನೋಡಿ, ಮೂರು ತಿಂಗಳಿಗಿಂತ ಹೆಚ್ಚು ಇಡಬೇಡಿ. 100 ಮಿಲಿಮೀಟರ್ ದಪ್ಪದ್ದು ಆರರಿಂದ ಹನ್ನೆರಡು ತಿಂಗಳು ಬರುತ್ತದೆ. ಚೌಕಟ್ಟಿನ ಮೇಲಿನ ಬಾಣ ಬ್ಲೋವರ್ ಕಡೆಗೆ ಮುಖ ಮಾಡಿರಬೇಕು. ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತದೆ ಎಂಬುದರ ಅಂಕಿಯೇ ಮರ್ವ್; 8ರಿಂದ 11ರ ದರ್ಜೆ ಮನೆಗೆ ಸಾಕು. ಗಾಳಿ ಇನ್ನಷ್ಟು ಚೊಕ್ಕಟವಾಗಲಿ ಎಂದು ತೆಳ್ಳಗಿನ ಚೌಕಟ್ಟಿನಲ್ಲೇ ಮರ್ವ್ 13 ತುರುಕಿದರೆ ಗಾಳಿ ಎಳೆಯಲು ಬ್ಲೋವರ್ ಏದುಸಿರು ಬಿಡುತ್ತದೆ. ಹೆಚ್ಚಿನ ದರ್ಜೆ ಬೇಕೇ ಬೇಕಿದ್ದರೆ ದಪ್ಪ ಫಿಲ್ಟರಿನ ಪೆಟ್ಟಿಗೆ ಹಾಕಿಸಿಕೊಳ್ಳಿ. ತಂತ್ರಜ್ಞರು ಬರುವ ದಿನ ಹೊಸ ಫಿಲ್ಟರ್ ಒಳಗಿರಲಿ. ಹಳೆಯ ಫಿಲ್ಟರ್ ಇಟ್ಟು ತೆಗೆದ ಅಳತೆ ಫಿಲ್ಟರಿನ ಅಳತೆಯೇ ಹೊರತು ಫರ್ನೇಸಿನದ್ದಲ್ಲ.

ಆಮೇಲೆ ಕೋಣೆಗಳ ಗಾಳಿಕಿಂಡಿಗಳನ್ನೆಲ್ಲ ತೆರೆಯಿರಿ. ಬಳಸದ ಕೋಣೆಯ ಕಿಂಡಿ ಮುಚ್ಚಿದರೆ ಗ್ಯಾಸ್ ಉಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಬರ್ನರ್ ಅಷ್ಟೇ ಉರಿಯುತ್ತದೆ, ಗಾಳಿ ಮಾತ್ರ ಕಡಿಮೆಯಾಗುತ್ತದೆ. ಆ ಹೆಚ್ಚುವರಿ ಕಾವೆಲ್ಲ ಉರಿಗೂ ಮನೆಯ ಗಾಳಿಗೂ ನಡುವಿನ ಗೋಡೆಯಾದ ಹೀಟ್ ಎಕ್ಸ್‌ಚೇಂಜರಿನ ತಗಡಿನಲ್ಲೇ ಉಳಿಯುತ್ತದೆ. ಗಾಳಿ ಮರಳಿ ಹೋಗುವ ದೊಡ್ಡ ಜಾಲರಿಯ ಮುಂದೆ ಸೋಫಾ, ಪೆಟ್ಟಿಗೆ ಏನೂ ಇರದಿರಲಿ.

ಹೊರಗೆ ಹೋಗಿ ಹೊಗೆಯ ಕೊಳವೆ ಮತ್ತು ಗಾಳಿ ಎಳೆಯುವ ಕೊಳವೆಯ ಬಾಯಿ ನೋಡಿ. ಎಲೆ, ಗೂಡು, ಬೆಳೆದು ಮುಚ್ಚಿದ ಗಿಡ ಇದ್ದರೆ ತೆಗೆಯಿರಿ. ಹಿಮ ಬೀಳುವ ಕಡೆಯಾದರೆ ಹಿಮ ಸಾಮಾನ್ಯವಾಗಿ ಏರುವ ಮಟ್ಟಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಮೇಲೆ ಕೊಳವೆಯ ಬಾಯಿ ಇರಬೇಕು.

ನಿಮ್ಮ ಹೊಗೆ ಕೊಳವೆ ಪ್ಲಾಸ್ಟಿಕ್ಕಿನದೇ? ಹಾಗಿದ್ದರೆ ನಿಮ್ಮದು ಕಂಡೆನ್ಸಿಂಗ್ ಫರ್ನೇಸ್. ಹೊಗೆಯಲ್ಲಿರುವ ಹಬೆಯನ್ನು ನೀರಾಗಿಸಿ ಅದರ ಶಾಖವನ್ನೂ ಹಿಂಡಿಕೊಳ್ಳುವ ಬಗೆ ಇದು. ಒಂದು ಘನಮೀಟರ್ ನೈಸರ್ಗಿಕ ಅನಿಲ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಹುಟ್ಟುತ್ತದೆ. ಅದರ ಒಂದು ಪಾಲು ಹಬೆಯಾಗಿಯೇ ಹೊರಗೆ ಹೋದರೂ ಉಳಿದದ್ದು ನೀರು ನಿಲ್ಲುವ ಒಂದು ಸಣ್ಣ ಬಾಗು, ಅಂದರೆ ಟ್ರ್ಯಾಪ್ ಮೂಲಕ ಚರಂಡಿಗೆ ಹೋಗಬೇಕು. ಬೇಸಿಗೆಯಲ್ಲಿ ಆ ಟ್ರ್ಯಾಪಿನೊಳಗೆ ಲೋಳೆ ಗಟ್ಟಿಯಾಗುತ್ತದೆ, ಇಲ್ಲವೇ ನೀರು ಪೂರ್ತಿ ಆರಿಹೋಗುತ್ತದೆ. ತೆಗೆಯಲು ಬರುವಂಥದ್ದಾದರೆ ತೆಗೆದು ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಂದು ಲೋಟ ನೀರು ತುಂಬಿಸಿ ಮತ್ತೆ ಕೂರಿಸಿ. ಇದನ್ನು ಮರೆತರೆ ಏನಾಗುತ್ತದೆಂದು ಮುಂದೆ ಹೇಳುತ್ತೇನೆ.

ಥರ್ಮೋಸ್ಟಾಟಿಗೆ ಹೊಸ ಬ್ಯಾಟರಿ ಹಾಕಿ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮಿನ ಗುಂಡಿ ಒತ್ತಿ ನೋಡಿ. ಹಿಂಬದಿಯಲ್ಲಿ ಅಚ್ಚಾದ ದಿನಾಂಕವನ್ನೂ ಓದಿ. ಗುಂಡಿ ಒತ್ತಿದಾಗ ಕೂಗಿದರೆ ಸದ್ದು ಮಾಡುವ ಭಾಗ ಸರಿಯಿದೆ ಎಂದಷ್ಟೇ ಅರ್ಥ. ಅನಿಲ ಗ್ರಹಿಸುವ ಸೆನ್ಸರಿಗೆ ಮಾಡೆಲಿಗೆ ತಕ್ಕಂತೆ 5ರಿಂದ 10 ವರ್ಷದ ಆಯುಸ್ಸು. ಅವಧಿ ಮುಗಿದಿದ್ದರೆ ಕೂಗಿದರೂ ಬದಲಿಸಿ. ಪ್ರತಿ ಮಹಡಿಗೊಂದು ಬೇಕು, ಮಲಗುವ ಕೋಣೆಗಳ ಹತ್ತಿರ ತಪ್ಪದೆ ಬೇಕು.

ಈಗ ಥರ್ಮೋಸ್ಟಾಟನ್ನು ಮನೆಯ ಈಗಿನ ಬಿಸಿಗಿಂತ 5 ಡಿಗ್ರಿ ಮೇಲಕ್ಕೆ ಇಟ್ಟು, ಕಿಟಕಿ ತೆರೆದು, ಕನಿಷ್ಠ 30 ನಿಮಿಷ ಓಡಿಸಿ. ಐದು ನಿಮಿಷ ಓಡಿಸಿ ‘ಬಿಸಿ ಬರುತ್ತಿದೆ’ ಎಂದು ಆರಿಸಿದರೆ ಪ್ರಯೋಜನವಿಲ್ಲ. ಗಾಳಿ ಸಾಲದ ಫರ್ನೇಸ್ ಕೈಕೊಡುವುದು ಹತ್ತು ಹದಿನೈದು ನಿಮಿಷ ಕಾದ ಮೇಲೆ. ಮೊದಲ ಅರ್ಧ ಗಂಟೆ ಧೂಳು ಸುಟ್ಟ ವಾಸನೆ ಬಂದರೆ ಚಿಂತೆ ಬೇಡ. ಪ್ಲಾಸ್ಟಿಕ್ ಅಥವಾ ವೈರ್ ಸುಟ್ಟ ವಾಸನೆ ಬಂದರೆ ಕೂಡಲೇ ಆರಿಸಿ. ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚನ್ನೂ ಮುಟ್ಟಬೇಡಿ, ಎಲ್ಲರೂ ಹೊರಗೆ ಬಂದು ಅಲ್ಲಿಂದ ಗ್ಯಾಸಿನವರ ತುರ್ತು ಸಂಖ್ಯೆಗೆ ಫೋನ್ ಮಾಡಿ.

ಎಲ್ಲಿ ನಿಲ್ಲುತ್ತದೆ, ಅದನ್ನು ನೋಡಿ

ಫರ್ನೇಸ್ ಶುರುವಾಗುವುದಕ್ಕೆ ಒಂದು ಸರದಿಯಿದೆ. ಅದನ್ನು ತಿಳಿದಿದ್ದರೆ ಯಾವ ಭಾಗ ತೊಂದರೆ ಕೊಡುತ್ತಿದೆ ಎಂಬುದನ್ನು ಯಾವ ಮೀಟರೂ ಇಲ್ಲದೆ ಮುಕ್ಕಾಲು ಪಾಲು ಊಹಿಸಬಹುದು.

ಥರ್ಮೋಸ್ಟಾಟ್ ಕರೆದ ಕೂಡಲೇ ಮೊದಲು ಒಂದು ಸಣ್ಣ ಫ್ಯಾನ್ ಗುಂಯ್‌ಗುಡುತ್ತದೆ. ಅದೇ ಇಂಡ್ಯೂಸರ್, ಹೊಗೆಯನ್ನು ಹೊರಗೆ ತಳ್ಳುವುದು ಅದರ ಕೆಲಸ. ಅದು ನಿಜವಾಗಿಯೂ ಗಾಳಿ ಎಳೆಯುತ್ತಿದೆಯೇ ಎಂದು ಪ್ರೆಶರ್ ಸ್ವಿಚ್ ನೋಡಿ ಒಪ್ಪಿಗೆ ಕೊಡುತ್ತದೆ. ಆಮೇಲೆ ಉರಿ ಹತ್ತಿಸುವ ಇಗ್ನೈಟರ್ ಕೆಂಪಗೆ ಕಾಯುತ್ತದೆ. ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ. ಗ್ಯಾಸ್ ವಾಲ್ವ್ ಟಕ್ ಎಂದು ತೆರೆದು ಉರಿ ಹತ್ತುತ್ತದೆ. ಉರಿ ಹತ್ತಿತೆಂದು ಫ್ಲೇಮ್ ಸೆನ್ಸರ್ ಕೆಲವೇ ಸೆಕೆಂಡಿನಲ್ಲಿ ಸಾಕ್ಷಿ ಹೇಳಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ದೊಡ್ಡ ಬ್ಲೋವರ್ ತಿರುಗಿ ಬಿಸಿಗಾಳಿ ಬರುತ್ತದೆ.

ಇಂಡ್ಯೂಸರ್ ತಿರುಗುತ್ತಲೇ ಇದೆ, ಮುಂದೆ ಏನೂ ಆಗುತ್ತಿಲ್ಲ ಎಂದರೆ ಪ್ರೆಶರ್ ಸ್ವಿಚ್ ಒಪ್ಪಿಗೆ ಕೊಟ್ಟಿಲ್ಲ. ಸ್ವಿಚ್ ಕೆಟ್ಟಿದೆ ಎಂದು ಬದಲಿಸಿಬಿಡುವವರಿದ್ದಾರೆ. ಬಹುಪಾಲು ಸಲ ಸ್ವಿಚ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ. ಕೊಳವೆಯಲ್ಲಿ ಗೂಡಿರುತ್ತದೆ, ಸ್ವಿಚ್ಚಿಗೆ ಹೋಗುವ ತೆಳು ರಬ್ಬರ್ ನಳಿಕೆ ಬಿರಿದಿರುತ್ತದೆ, ಇಲ್ಲವೇ ಆ ಟ್ರ್ಯಾಪ್ ಕಟ್ಟಿಕೊಂಡು ನೀರು ಇಂಡ್ಯೂಸರ್ ತನಕ ಏರಿ ನಿಂತಿರುತ್ತದೆ. ಕಾರಣ ಬಿಟ್ಟು ಸ್ವಿಚ್ ಬದಲಿಸಿದರೆ ಹೊಸ ಸ್ವಿಚ್ಚೂ ಹಾಗೆಯೇ ಹಟ ಹಿಡಿಯುತ್ತದೆ.

ಇಗ್ನೈಟರ್ ಕೆಂಪಗಾಗದಿದ್ದರೆ ಅದು ಬಿರುಕು ಬಿಟ್ಟಿದೆ ಎಂದೇ ಲೆಕ್ಕ. ಬದಲಿಸುವಾಗ ಅದರ ಸುಡುವ ಭಾಗಕ್ಕೆ ಬೆರಳು ತಾಗಬಾರದು. ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಅಲ್ಲೇ ಒಡೆಯುತ್ತದೆ.

ಉರಿ ಹತ್ತಿ, ಐದಾರು ಸೆಕೆಂಡಿನಲ್ಲಿ ಆರಿ, ಮತ್ತೆ ಹತ್ತಿ ಮತ್ತೆ ಆರುತ್ತಿದ್ದರೆ ಮೊದಲ ಅನುಮಾನ ಫ್ಲೇಮ್ ಸೆನ್ಸರ್ ಮೇಲೆ. ಅದು ಉರಿಯೊಳಗೆ ಚಾಚಿಕೊಂಡ ಒಂದು ಲೋಹದ ಕಡ್ಡಿ, ಅಷ್ಟೇ. ಉರಿ ತನ್ನ ಮೂಲಕ ತೀರಾ ಸಣ್ಣ ವಿದ್ಯುತ್ತನ್ನು ಹರಿಯಗೊಡುತ್ತದೆ. ಬೋರ್ಡ್ ಅದನ್ನು ಅಳೆದು ‘ಉರಿ ಇದೆ’ ಎಂದು ತಿಳಿಯುತ್ತದೆ. ಕಡ್ಡಿಯ ಮೇಲೆ ಬೂದಿಯಂಥ ಪದರ ಕೂತರೆ ಆ ಹರಿವು ಕುಗ್ಗುತ್ತದೆ. ಉರಿ ಕಣ್ಣಿಗೆ ಕಾಣುತ್ತಿದ್ದರೂ ಬೋರ್ಡಿಗೆ ಕಾಣುವುದಿಲ್ಲ, ಗ್ಯಾಸ್ ಮುಚ್ಚುತ್ತದೆ. ನುಣುಪಾದ ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿದರೆ ಐದು ನಿಮಿಷದ ಕೆಲಸ. ಒರಟು ಮರಳು ಕಾಗದ ಬೇಡ. ಗೀರು ಬಿದ್ದ ಕಡ್ಡಿಗೆ ಪದರ ಇನ್ನೂ ಬೇಗ ಹಿಡಿಯುತ್ತದೆ.

ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ಉರಿ ಆರಿ, ಬ್ಲೋವರ್ ಮಾತ್ರ ತಿರುಗುತ್ತಿದ್ದರೆ ಲಿಮಿಟ್ ಸ್ವಿಚ್ ಬಿದ್ದಿದೆ. ಒಳಗೆ ಮಿತಿಮೀರಿ ಕಾದಿದೆ ಎಂದರ್ಥ. ಕಾರಣ ಹೆಚ್ಚುಕಡಿಮೆ ಯಾವಾಗಲೂ ಗಾಳಿಯ ಕೊರತೆ. ಫಿಲ್ಟರ್, ಮುಚ್ಚಿದ ಕಿಂಡಿ, ಧೂಳು ಮೆತ್ತಿದ ಬ್ಲೋವರ್, ಬ್ಲೋವರ್ ಮೋಟರಿಗೆ ನೂಕು ಕೊಡುವ ಕೆಪಾಸಿಟರ್ ದುರ್ಬಲವಾಗಿರುವುದು, ಈ ಕ್ರಮದಲ್ಲಿ ಹುಡುಕಬೇಕು. ತಣ್ಣಗಾದ ಮೇಲೆ ಅದು ತಾನೇ ಕೂಡಿಕೊಳ್ಳುತ್ತದೆ.

ನಿಮ್ಮ ಹೋದ ವರ್ಷದ ಕಥೆ ಕೊನೆಯ ಎರಡರಲ್ಲಿ ಒಂದಿರಬೇಕು. ನಿಂತಿದ್ದಾಗ ಬ್ಲೋವರ್ ತಿರುಗುತ್ತಿತ್ತೇ, ಇಲ್ಲವೇ? ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಬರೆದಿಡಿ. ಈಗ ಓಡಿಸುವಾಗಲೂ ಫರ್ನೇಸಿನ ಸಣ್ಣ ಗಾಜಿನ ಕಿಂಡಿಯಲ್ಲಿ ಬೋರ್ಡಿನ ದೀಪ ನೋಡಿ. ಎಷ್ಟು ಸಲ ಮಿನುಗುತ್ತದೆ ಎಂಬುದೇ ದೋಷದ ಸಂಖ್ಯೆ, ಅರ್ಥದ ಪಟ್ಟಿ ಬಾಗಿಲಿನ ಒಳಮೈಯಲ್ಲಿ ಅಂಟಿಸಿರುತ್ತದೆ. ಕರೆಂಟ್ ಆರಿಸುವ ಮುಂಚೆ ಆ ಸಂಖ್ಯೆ ಬರೆದುಕೊಳ್ಳಿ, ಆರಿಸಿದರೆ ಕೆಲವು ಬೋರ್ಡುಗಳ ನೆನಪು ಅಳಿಸಿಹೋಗುತ್ತದೆ. ಬಾಗಿಲು ತೆಗೆದರೂ ಅಷ್ಟೇ, ಅಲ್ಲೊಂದು ಸ್ವಿಚ್ ಇದ್ದು ಕರೆಂಟ್ ಕಡಿಯುತ್ತದೆ. ಆ ಸ್ವಿಚ್ಚನ್ನು ಟೇಪ್ ಸುತ್ತಿ ಒತ್ತಿಟ್ಟು ಓಡಿಸುವ ಸಾಹಸ ಬೇಡ.

ಫೋನಿನಲ್ಲಿ ಏನು ಹೇಳಬೇಕು, ಏನು ಕೇಳಬೇಕು

ಬಾಗಿಲಿನ ಒಳಗಿನ ಫಲಕದ ಫೋಟೋ ತೆಗೆದಿಟ್ಟುಕೊಳ್ಳಿ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ಗ್ಯಾಸಿನ ಬಗೆ, ಎಷ್ಟು ವರ್ಷ ಹಳೆಯದು, ಎಲ್ಲಿ ನಿಲ್ಲುತ್ತದೆ, ದೀಪ ಎಷ್ಟು ಸಲ ಮಿನುಗಿತು, ಇಷ್ಟನ್ನು ಫೋನಿನಲ್ಲೇ ಹೇಳಿದರೆ ಇಗ್ನೈಟರ್, ಸೆನ್ಸರಿನಂಥ ಸಣ್ಣ ಭಾಗ ಅವರ ಗಾಡಿಯಲ್ಲೇ ಬರುತ್ತದೆ, ಎರಡನೇ ಭೇಟಿ ಉಳಿಯುತ್ತದೆ. ಎರಡು ಪ್ರಶ್ನೆ ತಪ್ಪದೆ ಕೇಳಿ: ಹೊಗೆ ಅಳೆಯುವ ಅನಲೈಸರ್ ತರುತ್ತೀರಾ? ತೆಗೆದ ಅಳತೆಗಳನ್ನು ಬರೆದು ಕೊಡುತ್ತೀರಾ? ಎರಡಕ್ಕೂ ತಡವರಿಸಿದರೆ ಬೇರೆಯವರನ್ನು ಹುಡುಕಿ. ಫರ್ನೇಸಿನ ಸುತ್ತ ಒಂದು ಮೀಟರ್ ಜಾಗ ಖಾಲಿ ಮಾಡಿಡಿ.

ಬರೆಸಿಕೊಳ್ಳಬೇಕಾದ ಅಂಕಿಗಳು

ಕೆಲಸ ಸರಿಯಾಗಿ ಆಯಿತೋ ಇಲ್ಲವೋ ತಿಳಿಯಲು ನೀವು ಪಕ್ಕದಲ್ಲಿ ನಿಂತು ಕಾವಲು ಕಾಯಬೇಕಿಲ್ಲ. ಕೆಳಗಿನ ಅಂಕಿಗಳು ಕಾಗದದ ಮೇಲೆ ಬಂದರೆ ಸಾಕು. ಅಳೆಯದೆ ಇವನ್ನು ಬರೆಯಲು ಬರುವುದಿಲ್ಲ, ಬರೆದರೂ ಮುಂದಿನ ವರ್ಷ ಸಿಕ್ಕಿಬೀಳುತ್ತಾರೆ.

ಬಿಸಿಯ ಏರಿಕೆ. ಒಳಗೆ ಬರುವ ಗಾಳಿಗೂ ಹೊರಗೆ ಹೋಗುವ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಎಂಬುದು. ನನ್ನನ್ನು ಕೇಳಿದರೆ ಇಡೀ ಸರ್ವಿಸಿನಲ್ಲಿ ಅತಿ ಹೆಚ್ಚು ಮಾತಾಡುವ ಅಂಕಿ ಇದು. ಫಲಕದ ಮೇಲೆ ಇಷ್ಟರಿಂದ ಇಷ್ಟು ಎಂದು ಬರೆದಿರುತ್ತದೆ. 20ರಿಂದ 36 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದ್ದು ಸಾಮಾನ್ಯ. ಕನಿಷ್ಠ 15 ನಿಮಿಷ ಓಡಿದ ಮೇಲೆ ಅಳೆಯಬೇಕು. ಥರ್ಮಾಮೀಟರಿನ ಕಡ್ಡಿ ಹೀಟ್ ಎಕ್ಸ್‌ಚೇಂಜರಿಗೆ ನೇರ ಎದುರಾಗಿರಬಾರದು. ಇದ್ದರೆ ಅದರ ಝಳವೇ ತಾಗಿ ಸುಳ್ಳು ಅಂಕಿ ತೋರಿಸುತ್ತದೆ. ಏರಿಕೆ ಮಿತಿ ಮೀರಿದ್ದರೆ ಗಾಳಿ ಸಾಲದು, ಅಥವಾ ಗ್ಯಾಸ್ ಹೆಚ್ಚಾಗಿದೆ. ತೀರಾ ಕಡಿಮೆಯಾದರೂ ಒಳ್ಳೆಯದಲ್ಲ: ಕಂಡೆನ್ಸಿಂಗ್ ಅಲ್ಲದ ಫರ್ನೇಸಿನೊಳಗೆ ಹೊಗೆಯ ಹಬೆ ನೀರಾಗಿ ತುಕ್ಕು ಹಿಡಿಸುತ್ತದೆ. ನಿಮ್ಮ ಫರ್ನೇಸ್ ಮಿತಿಯ ಮೇಲಂಚಿನಲ್ಲಿ ಓಡುತ್ತಿದ್ದರೆ, ಹೋದ ವರ್ಷ ತಾನಾಗಿ ನಿಂತದ್ದಕ್ಕೆ ಅಲ್ಲೇ ಉತ್ತರ ಸಿಕ್ಕಂತೆ.

ಡಕ್ಟಿನ ಒತ್ತಡ. ಎಷ್ಟೋ ಫರ್ನೇಸುಗಳ ಫಲಕದಲ್ಲಿ ಗರಿಷ್ಠ 125 ಪ್ಯಾಸ್ಕಲ್, ಅಂದರೆ ಅರ್ಧ ಇಂಚು ಎತ್ತರದ ನೀರು ಒತ್ತುವಷ್ಟು ಎಂದಿರುತ್ತದೆ. ಅದನ್ನು ಮೀರಿ ಓಡುವ ಮನೆಗಳು ಕಡಿಮೆಯಿಲ್ಲ. ಹೊಸ ಫಿಲ್ಟರ್ ಇದ್ದೂ ಮೀರಿದ್ದರೆ ಡಕ್ಟೇ ಸಣ್ಣದಾಗಿದೆ, ಅಥವಾ ಎಲ್ಲೋ ಕಟ್ಟಿಕೊಂಡಿದೆ.

ಗ್ಯಾಸಿನ ಒತ್ತಡ, ಬರ್ನರ್ ಬಳಿ. ನೈಸರ್ಗಿಕ ಅನಿಲಕ್ಕೆ ಸಾಮಾನ್ಯವಾಗಿ ಮೂರೂವರೆ ಇಂಚು ನೀರು, ಎಲ್‌ಪಿಜಿಗೆ ಹತ್ತರಿಂದ ಹನ್ನೊಂದು ಇಂಚು. ಫಲಕ ಹೇಳಿದ್ದೇ ಅಂತಿಮ.

ಫ್ಲೇಮ್ ಸೆನ್ಸರಿನ ಹರಿವು. 2ರಿಂದ 6 ಮೈಕ್ರೋ ಆಂಪ್ ಇದ್ದರೆ ನಿಶ್ಚಿಂತೆ. 1ರ ಹತ್ತಿರ ಇಳಿದಿದ್ದರೆ ಇವತ್ತು ಓಡಿದರೂ ನಡುಚಳಿಯಲ್ಲಿ ಕೈಕೊಡುತ್ತದೆ. ಉಜ್ಜುವ ಮುಂಚೆ ಒಂದು, ಉಜ್ಜಿದ ಮೇಲೆ ಒಂದು, ಎರಡೂ ಬರೆಸಿ. ಉಜ್ಜಿದರೂ ಏರದಿದ್ದರೆ ತೊಂದರೆ ಅರ್ಥಿಂಗ್‌ನಲ್ಲೋ ಉರಿಯ ಆಕಾರದಲ್ಲೋ ಇದೆ.

ಬ್ಲೋವರ್ ಕೆಪಾಸಿಟರ್, ನಿಮ್ಮ ಮೋಟರಿಗೆ ಅದು ಇದ್ದರೆ. ಮೇಲೆ 10 ಮೈಕ್ರೋಫ್ಯಾರಡ್ ಎಂದು ಬರೆದಿದ್ದು 8ರ ಆಸುಪಾಸು ಅಳತೆ ಬಂದರೆ ಬದಲಿಸಿಬಿಡಿ. ಅಗ್ಗದ ಭಾಗ ಇದು. ಇದನ್ನು ಉಳಿಸಲು ಹೋಗಿ ಮೋಟರ್ ಕಳೆದುಕೊಳ್ಳುವವರಿದ್ದಾರೆ.

ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಗಾಳಿ ಬೆರಕೆ ಕಳೆದ ಲೆಕ್ಕದಲ್ಲಿ. 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ಒಳಗಿರುವುದು ಚೆನ್ನಾಗಿ ಉರಿಯುವ ಫರ್ನೇಸಿನ ಲಕ್ಷಣ. ಅಂಕಿಗಿಂತಲೂ ಅದರ ನಡೆ ಮುಖ್ಯ. ಹತ್ತು ನಿಮಿಷ ಒಂದೇ ಮಟ್ಟದಲ್ಲಿ ನಿಂತಿದೆಯೇ, ಏರುತ್ತಲೇ ಇದೆಯೇ ಎಂದು ಕೇಳಿ. ಏರುತ್ತಲೇ ಇದ್ದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ ಅಥವಾ ಹೊಗೆ ಸರಾಗವಾಗಿ ಹೋಗುತ್ತಿಲ್ಲ. ಕಾರಣ ಸಿಗುವವರೆಗೆ ಅದನ್ನು ಬಿಟ್ಟು ಹೋಗಲು ಬಿಡಬೇಡಿ.

‘ಹೀಟ್ ಎಕ್ಸ್‌ಚೇಂಜರ್ ಸೀಳಿದೆ’ ಎಂದರೆ

11 ವರ್ಷದ ಫರ್ನೇಸಿಗೆ ಈ ಮಾತು ಬರಬಹುದು, ಹಾಗಾಗಿ ಮುಂಚೆಯೇ ತಿಳಿದಿರಿ. ಹೀಟ್ ಎಕ್ಸ್‌ಚೇಂಜರ್ ಎಂದರೆ ಒಳಗೆ ಉರಿ, ಹೊರಗೆ ನೀವು ಉಸಿರಾಡುವ ಗಾಳಿ, ನಡುವೆ ಒಂದು ತಗಡಿನ ಗೋಡೆ. ಅದು ಸೀಳಿದರೆ ಹೊಗೆ ಮನೆಯೊಳಗೆ ಬರುವ ದಾರಿ ತೆರೆಯುತ್ತದೆ. ಇದಕ್ಕಿಂತ ಅಪಾಯದ ದೋಷ ಫರ್ನೇಸಿನಲ್ಲಿ ಇನ್ನೊಂದಿಲ್ಲ. ಹೊಸ ಫರ್ನೇಸ್ ಮಾರಲು ಇದಕ್ಕಿಂತ ಸುಲಭದ ಹೆದರಿಕೆಯೂ ಇನ್ನೊಂದಿಲ್ಲ. ಎರಡೂ ನಿಜವಾದ್ದರಿಂದ ಎರಡು ಕೆಲಸ ಒಟ್ಟಿಗೆ ಮಾಡಿ: ಫರ್ನೇಸ್ ಆರಿಸಿ, ಸಾಕ್ಷಿ ಕೇಳಿ.

ಕ್ಯಾಮೆರಾ ಒಳಗೆ ಬಿಟ್ಟು ತೆಗೆದ ವಿಡಿಯೋ ಅಥವಾ ಫೋಟೋ ಸಾಕ್ಷಿ. ಬ್ಲೋವರ್ ಶುರುವಾದ ಕ್ಷಣ ಉರಿ ಓಲಾಡಿ ಆಕಾರ ಕೆಡುವುದು, ಅದೇ ಕ್ಷಣ ಅನಲೈಸರಿನಲ್ಲಿ ಆಮ್ಲಜನಕದ ಅಂಕಿ ನೆಗೆಯುವುದು ಗಟ್ಟಿ ಸುಳಿವು. ಮೇಲ್ಮೈಯ ತುಕ್ಕು, ಬಣ್ಣ ಮಾಸಿದ ಕಲೆ ಸೀಳಲ್ಲ. ಸಾಕ್ಷಿ ತೋರಿಸದಿದ್ದರೆ ಬೇರೊಬ್ಬರಿಂದ ನೋಡಿಸಿ. ಮೊದಲಿನವರು ಏನೆಂದರು ಎಂಬುದನ್ನು ಎರಡನೆಯವರಿಗೆ ಹೇಳದೆ ನೋಡಿಸಿ. ಎಂಟು ವಾರ ಮುಂಚೆ ಕರೆಸಿದ್ದರೆ ಅಲ್ಲಿಯವರೆಗೆ ಆರಿಸಿಡುವುದು ಕಷ್ಟವಲ್ಲ. ಸೊನ್ನೆ ಡಿಗ್ರಿಯ ವಾರದಲ್ಲಿ ಈ ಮಾತು ಬಂದರೆ ಯೋಚಿಸಲೂ ಬಿಡುವಿರುವುದಿಲ್ಲ, ಮೊದಲು ಸಿಕ್ಕ ಬೆಲೆಗೆ ಸಹಿ ಹಾಕುತ್ತೀರಿ.

ಸೀಳು ನಿಜವಾಗಿ ಕಂಡರೆ ವಾರಂಟಿ ಕಾಗದ ತೆಗೆದು ನೋಡಿ. ಉಳಿದ ಭಾಗಗಳ ವಾರಂಟಿ ಮುಗಿದಿದ್ದರೂ ಹೀಟ್ ಎಕ್ಸ್‌ಚೇಂಜರಿಗೆ ಪ್ರತ್ಯೇಕವಾಗಿ ದೀರ್ಘ ವಾರಂಟಿ ಇರುವುದು ಸಾಮಾನ್ಯ. ಭಾಗ ಉಚಿತವಾಗಿ ಸಿಕ್ಕರೂ ಕೂಲಿ ದೊಡ್ಡದೇ ಇರುತ್ತದೆ, ಲೆಕ್ಕ ಹಾಕಿ ನಿರ್ಧರಿಸಿ.

ತಂಗಿಯ ಮನೆಯ ಬಾಯ್ಲರ್

ದಿನಾಂಕದ ಲೆಕ್ಕ ಅದೇ, ಹೊಗೆ ಅಳೆಯುವ ಲೆಕ್ಕವೂ ಅದೇ. ಬೇರೆಯಾಗುವುದು ನೀರಿನ ಕಡೆ.

ತಣ್ಣಗಿರುವಾಗ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ಕಾದಾಗ ಸ್ವಲ್ಪ ಏರುವುದು ಸಹಜ. 10 ಡಿಗ್ರಿಯಿಂದ 80 ಡಿಗ್ರಿಗೆ ಕಾದರೆ ನೀರು ಸುಮಾರು ಶೇ 3ರಷ್ಟು ಹಿಗ್ಗುತ್ತದೆ. 120 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಅದು ಮೂರೂವರೆ ಲೀಟರ್. ಆ ಹೆಚ್ಚುವರಿ ನೀರಿಗೆ ಜಾಗ ಕೊಡುವುದು ಎಕ್ಸ್‌ಪಾನ್ಷನ್ ಟ್ಯಾಂಕ್, ಅದರೊಳಗಿನ ರಬ್ಬರ್ ಪರದೆಯ ಹಿಂದೆ ಗಾಳಿ ತುಂಬಿರುತ್ತದೆ. ಗಾಳಿ ಸೋರಿಹೋದರೆ ಕಾದಾಗ ಮುಳ್ಳು 3 ಬಾರ್ ಕಡೆಗೆ ನೆಗೆದು ಸೇಫ್ಟಿ ವಾಲ್ವ್ ನೀರು ಚೆಲ್ಲುತ್ತದೆ, ತಣ್ಣಗಾದಾಗ ಸೊನ್ನೆಗೆ ಇಳಿಯುತ್ತದೆ. ಮನೆಯವರು ಮತ್ತೆ ನೀರು ತುಂಬಿಸುತ್ತಾರೆ, ಮತ್ತೆ ಚೆಲ್ಲುತ್ತದೆ. ಟ್ಯಾಂಕಿಗೆ ಕಾರಿನ ಟೈರಿಗಿರುವಂಥದ್ದೇ ವಾಲ್ವ್ ಇರುತ್ತದೆ. ಅದರ ಮೊಳೆ ಒಂದು ಕ್ಷಣ ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಪರದೆ ಹರಿದಿದೆ, ಟ್ಯಾಂಕೇ ಬದಲಾಗಬೇಕು. ಗಾಳಿ ಕಡಿಮೆಯಾಗಿದೆ ಅಷ್ಟೇ ಎಂದರೆ ನೀರಿನ ಕಡೆಯ ಒತ್ತಡವನ್ನು ಪೂರ್ತಿ ಇಳಿಸಿದ ಮೇಲೆಯೇ ಗಾಳಿ ತುಂಬಬೇಕು. ಇಳಿಸದೆ ಅಳೆದರೆ ಕಾಣುವುದು ನೀರಿನ ಒತ್ತಡ.

ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ನೀರು ತುಂಬಿಸಬೇಕಾಗಿ ಬಂದರೆ ಸೋರಿಕೆ ಹುಡುಕಿಸಿ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ ಬರುತ್ತದೆ, ಅದು ಉಕ್ಕನ್ನು ತಿಂದು ಕಪ್ಪು ಕೆಸರು ಮಾಡುತ್ತದೆ. ರೇಡಿಯೇಟರ್ ಮುಟ್ಟಿ ನೋಡಿದರೆ ಅರ್ಧ ರೋಗ ತಿಳಿಯುತ್ತದೆ. ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿಯಿದ್ದರೆ ಗಾಳಿ ಸೇರಿದೆ. ಕೆಳಗಿನ ನಡುಭಾಗ ತಣ್ಣಗಿದ್ದರೆ ಕೆಸರು ಕೂತಿದೆ. ಎಷ್ಟು ಗಾಳಿ ಬಿಟ್ಟರೂ ಅದು ಸರಿಹೋಗುವುದಿಲ್ಲ, ತೊಳೆಸಿ, ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಿಸಿ, ಮರಳುವ ಪೈಪಿಗೆ ಮ್ಯಾಗ್ನೆಟಿಕ್ ಫಿಲ್ಟರ್ ಕೂರಿಸಬೇಕು. ಗಾಳಿ ಬಿಡುವಾಗ ಪಂಪ್ ಆರಿಸಿ, ನೀರು ತಣ್ಣಗಾದ ಮೇಲೆ, ಕೆಳಗಿನ ಮಹಡಿಯಿಂದ ಶುರುಮಾಡಿ. ಕೀಲಿಯನ್ನು ಕಾಲು ಸುತ್ತು ತಿರುಗಿಸಿ, ಬುಸ್ಸೆನ್ನುವುದು ನಿಂತು ನೀರು ಬಂದ ಕೂಡಲೇ ಮುಚ್ಚಿ. ಕೊನೆಗೆ ಮುಳ್ಳು ನೋಡಿ ಒತ್ತಡ ಸರಿಮಾಡಿ.

ಒಂದು ರೇಡಿಯೇಟರ್ ಮಾತ್ರ ಪೂರ್ತಿ ತಣ್ಣಗಿದ್ದರೆ ಅದರ ಥರ್ಮೋಸ್ಟಾಟಿಕ್ ವಾಲ್ವಿನ ಮೊಳೆ ಬೇಸಿಗೆಯಲ್ಲಿ ಅಂಟಿಕೊಂಡಿರಬಹುದು. ಮೇಲಿನ ತಲೆ ಬಿಚ್ಚಿದರೆ ಮೊಳೆ ಕಾಣುತ್ತದೆ. ಚಪ್ಪಟೆಯಾದ ಯಾವುದಾದರೂ ಗಟ್ಟಿ ವಸ್ತುವಿನಿಂದ ನಾಲ್ಕಾರು ಸಲ ಹಗುರವಾಗಿ ಒತ್ತಿ ಬಿಡಿ, ತಾನೇ ಮೇಲೆ ಬರುವಂತಾಗಬೇಕು. ಇಕ್ಕಳದಿಂದ ಹಿಡಿದು ಎಳೆದರೆ ಮೊಳೆಯೇ ಕಿತ್ತು ಬಂದು ನೀರು ಚಿಮ್ಮುತ್ತದೆ. ಪಂಪಿನದ್ದೂ ಇದೇ ಜಡತನ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿದರೆ ಹಿಡಿದುಕೊಳ್ಳುವುದಿಲ್ಲ.

ಬಾಯ್ಲರ್ ಕಂಡೆನ್ಸಿಂಗ್ ಆಗಿದ್ದು, ಅದರ ನೀರಿನ ಕೊಳವೆ ಮನೆಯ ಹೊರಗೆ ಹಾದುಹೋಗಿದ್ದರೆ ಈಗಲೇ ನೋಡಿಸಿ. ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಇಳಿಯುವ ನೀರು ಹೊರಗೆ ಹೆಪ್ಪುಗಟ್ಟಿ, ತೀರಾ ಚಳಿಯಿರುವ ಬೆಳಿಗ್ಗೆಯೇ ಬಾಯ್ಲರ್ ನಿಲ್ಲುತ್ತದೆ. ಹೊರಗಿನ ಭಾಗ 32 ಮಿಲಿಮೀಟರ್ ಅಗಲದ್ದಿರಲಿ, ಆದಷ್ಟು ಗಿಡ್ಡವಾಗಿರಲಿ, ಎಲ್ಲೂ ಮಟ್ಟಸವಾಗದೆ ಇಳಿಜಾರಿರಲಿ, ಮೇಲೆ ನೀರು ಹೀರದ ಇನ್ಸುಲೇಷನ್ ಸುತ್ತಿರಲಿ. ಆದರೂ ಹೆಪ್ಪುಗಟ್ಟಿದರೆ ಕುದಿಯುವ ನೀರು ಸುರಿಯಬೇಡಿ, ಕೊಳವೆ ಒಡೆಯುತ್ತದೆ; ಬೆಚ್ಚಗಿನ ನೀರು ಸುರಿದು ಕರಗಿಸಿ, ಆಮೇಲೆ ಬಾಯ್ಲರ್ ರಿಸೆಟ್ ಮಾಡಿ.